ಫಿಸಿಕ್ಸ್‌ನಲ್ಲಿ ನಿಮಗೆ ಅರ್ಥ ಆಗೋದು ಎಲ್ಲಿ ನಿಲ್ಲುತ್ತದೆ? ಪಾಠದ ಹೆಸರಲ್ಲ, ಜಾಗ ಹೇಳಿ

ಪಿಯು ಫಿಸಿಕ್ಸ್ ಮೇಡಂ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಫಸ್ಟ್ ಪಿಯು ಹೊಸ ಬ್ಯಾಚ್ ಬರುವ ಹೊತ್ತಾಯಿತು. ಈ ಸಲ ಮೊದಲ ಎರಡು ವಾರ ಸಿಲಬಸ್ ಮುಟ್ಟದೆ ಬುನಾದಿ ಪಾಠ ಮಾಡಲು ನಮ್ಮಲ್ಲಿ ಒಪ್ಪಿಗೆ ಸಿಕ್ಕಿದೆ. ಆ ಎರಡು ವಾರದಲ್ಲಿ ಏನು ಹೇಳಿಕೊಡಬೇಕು ಅನ್ನುವುದನ್ನು ನಾವು ಲೆಕ್ಚರರ್‌ಗಳೇ ಕೂತು ತೀರ್ಮಾನಿಸುವುದಕ್ಕಿಂತ ಓದಿದವರನ್ನು, ಓದುತ್ತಿರುವವರನ್ನು ಕೇಳುವುದು ಒಳ್ಳೆಯದು ಅನ್ನಿಸಿತು.

ಒಂದು ಕೋರಿಕೆ. ಯಾವ ಪಾಠದಲ್ಲಿ ಮಾರ್ಕ್ಸ್ ಹೋಯಿತು ಅಂತ ಬರೆಯಬೇಡಿ. ಓದುತ್ತಾ ಓದುತ್ತಾ ಯಾವ ಚಿತ್ರದ ಹತ್ತಿರ, ಯಾವ ಸಾಲಿನ ಹತ್ತಿರ ತಲೆ ನಿಂತಿತು ಅದನ್ನು ಬರೆಯಿರಿ. ಇವೆರಡೂ ಒಂದೇ ಅಲ್ಲ. ಐದು ಅಂಕದ ಡೆರಿವೇಷನ್ (ಸೂತ್ರವನ್ನು ಹಂತ ಹಂತವಾಗಿ ಸಾಧಿಸುವ ಉತ್ತರ) ಪೂರ್ತಿ ಬರೆದು ಐದಕ್ಕೆ ಐದು ತಗೊಂಡ ಮಕ್ಕಳನ್ನು ನಿಲ್ಲಿಸಿ ಎರಡನೇ ಸಾಲಿನಿಂದ ಮೂರನೇ ಸಾಲು ಹೇಗೆ ಬಂತು ಅಂದರೆ ಸುಮ್ಮನೆ ನಿಲ್ಲುತ್ತಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕಷ್ಟದ ಪಾಠ ಅಂದರೆ ಫಸ್ಟ್ ಪಿಯುದಲ್ಲಿ ರೊಟೇಷನ್ (ತಿರುಗುವ ಚಲನೆ), ಸೆಕೆಂಡ್ ಪಿಯುದಲ್ಲಿ ಇಎಂಐ (ಆಯಸ್ಕಾಂತದಿಂದ ಕರೆಂಟ್ ಹುಟ್ಟುವ ಪಾಠ) ಮತ್ತು ಎಸಿ (ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟ್). ಎಲ್ಲರೂ ಇದನ್ನೇ ಹೇಳುತ್ತಾರೆ. ಆದರೆ ಕಾರಣ ಆ ಪಾಠಗಳೊಳಗೆ ಇಲ್ಲ. ಗಣಿತದ ಪುಸ್ತಕ ತೆರೆದು ನೋಡಿ. ಡೆರಿವೇಟಿವ್ (ಎಷ್ಟು ಬೇಗ ಬದಲಾಗುತ್ತಿದೆ ಅನ್ನುವ ಲೆಕ್ಕ) ಬರುವುದು ಫಸ್ಟ್ ಪಿಯು ಕೊನೆಯ ಭಾಗಕ್ಕೆ, ಇಂಟಿಗ್ರೇಷನ್ ಮತ್ತು ವೆಕ್ಟರ್ (ಅಳತೆಯ ಜತೆ ದಿಕ್ಕೂ ಇರುವ ರಾಶಿ) ಸೆಕೆಂಡ್ ಪಿಯುದಲ್ಲಿ. ನಮಗೆ ಫಿಸಿಕ್ಸ್‌ನಲ್ಲಿ ಡೆರಿವೇಟಿವ್ ಎರಡನೇ ಪಾಠಕ್ಕೇ ಬೇಕು, ವೆಕ್ಟರ್ ಮೂರನೇ ಪಾಠಕ್ಕೇ ಬೇಕು. ಕ್ರಾಸ್ ಪ್ರಾಡಕ್ಟ್ (ಎರಡು ವೆಕ್ಟರ್ ಗುಣಿಸುವ ಒಂದು ರೀತಿ) ಇಲ್ಲದೆ ಟಾರ್ಕ್ (ಬಲದ ತಿರುಗಿಸುವ ಪರಿಣಾಮ) ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ. ಗಣಿತ ಒಂದು ವರ್ಷ ತಡವಾಗಿ ಬರುತ್ತದೆ, ಅಷ್ಟರಲ್ಲಿ ಮಗು ಫಿಸಿಕ್ಸ್ ನನಗೆ ಆಗಿಬರಲ್ಲ ಅಂತ ತೀರ್ಮಾನ ಮಾಡಿ ಆಗಿರುತ್ತದೆ. ಇದು ನನ್ನ ವಾದ. ಒಪ್ಪದಿದ್ದರೆ ಧಾರಾಳವಾಗಿ ಹೇಳಿ.

ನೀಟ್ ಲಾಂಗ್ ಟರ್ಮ್, ಆಳಂದ

ಮೇಡಂ, ನನ್ನದು ರೊಟೇಷನ್ನೇ. ಜಾಗ ಹೇಳಿ ಅಂದಿದ್ದೀರಿ, ಹೇಳುತ್ತೇನೆ. ಮಾಮೆಂಟ್ ಆಫ್ ಇನರ್ಶಿಯಾ (ತಿರುಗಿಸಲು ಎಷ್ಟು ಕಷ್ಟ ಅನ್ನುವ ಅಳತೆ) ಪಟ್ಟಿ ಪೂರ್ತಿ ಬಾಯಿಪಾಠ ಇದೆ. ರಿಂಗ್, ಡಿಸ್ಕ್, ರಾಡ್, ಸ್ಫಿಯರ್ ಯಾವುದೇ ಕೇಳಿ. ಉರುಳುವ ಚಕ್ರ ಬಂದರೆ ಮಾತ್ರ ಮುಗೀತು. ಘರ್ಷಣೆ ಮುಂದಕ್ಕೋ ಹಿಂದಕ್ಕೋ ತಿಳಿಯುವುದಿಲ್ಲ. ಘರ್ಷಣೆ ಯಾವಾಗಲೂ ಚಲನೆಗೆ ವಿರುದ್ಧ ಅಂತ ಹೈಸ್ಕೂಲಿಂದ ಓದಿಕೊಂಡು ಬಂದಿದ್ದೇವೆ. ಇಲ್ಲಿ ನೋಡಿದರೆ ಒಂದು ಲೆಕ್ಕದಲ್ಲಿ ಮುಂದಕ್ಕೆ, ಇನ್ನೊಂದರಲ್ಲಿ ಹಿಂದಕ್ಕೆ, ಮತ್ತೊಂದರಲ್ಲಿ ಸೊನ್ನೆ ಅಂತಾರೆ. ನೀಟ್‌ನಲ್ಲಿ ಸರಿ ಆದರೆ 4, ತಪ್ಪಾದರೆ 1 ಕಟ್. ಹೀಗಾಗಿ ಆ ಪ್ರಶ್ನೆ ಬಿಟ್ಟು ಮುಂದೆ ಹೋಗುತ್ತೇನೆ.

ಪಿಯು ಫಿಸಿಕ್ಸ್ ಮೇಡಂ, ಕಲಬುರಗಿ

ಇದೇ ನನಗೆ ಬೇಕಾಗಿದ್ದ ಉತ್ತರ. ಬಿಟ್ಟು ಮುಂದೆ ಹೋಗಬೇಡ, ಈಗಲೇ ನೋಡೋಣ. ಘರ್ಷಣೆ ಚಲನೆಯನ್ನು ತಡೆಯುವುದಿಲ್ಲ, ಜಾರುವುದನ್ನು ತಡೆಯುತ್ತದೆ. ಎರಡು ಮೈಗಳು ಮುಟ್ಟುವ ಜಾಗದಲ್ಲಿ ಒಂದು ಇನ್ನೊಂದರ ಮೇಲೆ ಯಾವ ಕಡೆ ಜಾರಲು ನೋಡುತ್ತದೋ ಅದಕ್ಕೆ ವಿರುದ್ಧ. ಇಷ್ಟು ಹಿಡಿದುಕೋ.

ಸೈಕಲ್ ತುಳಿಯುತ್ತಿದ್ದೀಯ ಅಂದುಕೋ. ಚೈನು ಹಿಂದಿನ ಚಕ್ರವನ್ನು ತಿರುಗಿಸುತ್ತದೆ. ನೆಲ ಮುಟ್ಟುವ ಟೈರಿನ ಭಾಗ ಹಿಂದಕ್ಕೆ ಜಾರಲು ನೋಡುತ್ತದೆ. ಕೆಸರಲ್ಲಿ ಬೈಕ್ ಸಿಕ್ಕಾಗ ಹಿಂದಿನ ಚಕ್ರ ಕೆಸರನ್ನು ಹಿಂದಕ್ಕೆ ಎರಚುತ್ತದಲ್ಲ, ಅದೇ. ಹಾಗಾಗಿ ರಸ್ತೆ ಆ ಟೈರನ್ನು ಮುಂದಕ್ಕೆ ದೂಡುತ್ತದೆ. ಸೈಕಲ್ಲನ್ನು ಮುಂದಕ್ಕೆ ಒಯ್ಯುವುದೇ ಈ ಘರ್ಷಣೆ. ಮುಂದಿನ ಚಕ್ರಕ್ಕೆ ಚೈನಿಲ್ಲ. ಫೋರ್ಕು ಅದನ್ನು ಮುಂದಕ್ಕೆ ದೂಡುತ್ತದೆ, ಅದರ ಟೈರು ಮುಂದಕ್ಕೆ ಜಾರಲು ನೋಡುತ್ತದೆ. ಅಲ್ಲಿ ಘರ್ಷಣೆ ಹಿಂದಕ್ಕೆ, ಆ ಚಕ್ರ ತಿರುಗುವುದೇ ಅದರಿಂದ. ಸಮತಟ್ಟು ನೆಲದಲ್ಲಿ ಒಂದು ಚೆಂಡು ಒಂದೇ ವೇಗದಲ್ಲಿ ತಾನಾಗಿ ಉರುಳುತ್ತಿದ್ದರೆ ಅದು ಯಾವ ಕಡೆಗೂ ಜಾರಲು ನೋಡುತ್ತಿಲ್ಲ, ಘರ್ಷಣೆ ಸೊನ್ನೆ. ನಿನ್ನ ಮೂರೂ ಲೆಕ್ಕ ಮುಗಿದವು.

ಇನ್ನೊಂದು. ಮನೆಯಲ್ಲಿ ಒಂದು ಹಲಗೆ ಓರೆಯಾಗಿಟ್ಟು ಒಂದು ಗೋಲಿ, ಒಂದು ಬಳೆ ಒಟ್ಟಿಗೆ ಬಿಡು. ಗೋಲಿ ಮೊದಲು ಕೆಳಗೆ ಬರುತ್ತದೆ, ಪ್ರತಿ ಸಲವೂ. ಬಳೆ ದೊಡ್ಡದು ತಗೋ, ಸಣ್ಣದು ತಗೋ, ಭಾರದ್ದು ತಗೋ, ಬದಲಾಗುವುದಿಲ್ಲ. ಜಾರಿಕೆಯೇ ಇಲ್ಲದೆ ಉರುಳಿದರೆ ಗೋಲಿಯ ಚಲನ ಶಕ್ತಿಯಲ್ಲಿ 7ರಲ್ಲಿ 2 ಪಾಲು ಮಾತ್ರ ತಿರುಗುವುದಕ್ಕೆ ಹೋಗುತ್ತದೆ, ಬಳೆಯದ್ದು ಸರಿಯಾಗಿ ಅರ್ಧ ಹೋಗುತ್ತದೆ. ನೀನು ಬಾಯಿಪಾಠ ಮಾಡಿದ ಪಟ್ಟಿ ಹೇಳುತ್ತಿರುವುದು ಇದನ್ನೇ. ಬಳೆಯ ತೂಕವೆಲ್ಲ ಅಂಚಿನಲ್ಲಿದೆ, ತಿರುಗಿಸಲು ಜಾಸ್ತಿ ಬೇಕು.

ಬೀದರ್ ಬಿಎಸ್ಸಿ

ನನ್ನ ಪ್ರಕಾರ ರೊಟೇಷನ್‌ಗಿಂತ ಮುಂಚೆಯೇ, ವೃತ್ತದಲ್ಲಿ ಸುತ್ತುವ ಚಲನೆ ಅಂದರೆ ಸರ್ಕ್ಯುಲರ್ ಮೋಷನ್‌ನಲ್ಲೇ ದಾರಿ ತಪ್ಪುತ್ತದೆ. ಫ್ರೀ ಬಾಡಿ ಡಯಾಗ್ರಾಂ (ವಸ್ತುವಿನ ಮೇಲಿನ ಬಲಗಳನ್ನು ಬಾಣದಲ್ಲಿ ತೋರಿಸುವ ಚಿತ್ರ) ಬರೆಯಿರಿ ಅಂದರೆ ತೂಕ, ನಾರ್ಮಲ್ (ಮುಟ್ಟಿದ ಮೈ ಲಂಬವಾಗಿ ದೂಡುವ ಬಲ), ಘರ್ಷಣೆ ಎಲ್ಲ ಬರೆದು ಕೊನೆಗೆ ಕೇಂದ್ರದ ಕಡೆ ಇನ್ನೊಂದು ಬಾಣ ಹಾಕಿ ಸೆಂಟ್ರಿಪೆಟಲ್ ಅಂತ ಬರೆಯುತ್ತಾರೆ. ಕೆಲವರು ಹೊರಗಡೆಗೂ ಒಂದು ಬಾಣ ಹಾಕುತ್ತಾರೆ. ಎಷ್ಟು ಬಾಣ ಇದ್ದರೆ ಅಷ್ಟು ಸರಿ ಅನ್ನುವ ನಂಬಿಕೆ.

ನಮ್ಮ ಬೀದರ್ ಏರ್‌ಫೋರ್ಸ್ ಸ್ಟೇಷನ್ ಸೂರ್ಯಕಿರಣ ತಂಡದ ಊರು. 9 ಹಾಕ್ ವಿಮಾನಗಳು ಒಟ್ಟಿಗೆ ಓರೆಯಾಗಿ ತಿರುಗುವುದನ್ನು ಮಾಳಿಗೆ ಮೇಲೆ ನಿಂತು ನೋಡಿದ್ದೇವೆ. ವಿಮಾನ ಯಾಕೆ ಓರೆ ಆಗುತ್ತದೆ? ರೆಕ್ಕೆಯ ಲಿಫ್ಟ್ (ಗಾಳಿ ರೆಕ್ಕೆಯನ್ನು ಎತ್ತುವ ಬಲ) ಯಾವಾಗಲೂ ರೆಕ್ಕೆಗೆ ಲಂಬವಾಗಿರುತ್ತದೆ. ನೆಟ್ಟಗೆ ಹಾರುವಾಗ ಅದು ಪೂರ್ತಿ ಮೇಲಕ್ಕೆ. ಓರೆ ಮಾಡಿದಾಗ ಅದರ ಒಂದು ಪಾಲು ಪಕ್ಕಕ್ಕೆ, ತಿರುವಿನ ಕೇಂದ್ರದ ಕಡೆಗೆ. ಆ ಪಾಲೇ ವಿಮಾನವನ್ನು ತಿರುಗಿಸುವುದು. ಬೇರೆ ಯಾವ ಬಲವೂ ಬಂದು ಎಳೆಯುತ್ತಿಲ್ಲ. ಎತ್ತರ ಕಳೆದುಕೊಳ್ಳದೆ 60 ಡಿಗ್ರಿ ಓರೆಯಲ್ಲಿ ತಿರುಗಬೇಕಾದರೆ ಲಿಫ್ಟ್ ತೂಕದ ಎರಡರಷ್ಟು ಆಗಬೇಕು, ಒಳಗಿರುವ ಪೈಲಟ್‌ಗೂ ಮೈ ಎರಡು ಪಟ್ಟು ಭಾರ ಅನ್ನಿಸುತ್ತದೆ. ಎರಡೇ ಬಾಣ, ತೂಕ ಮತ್ತು ಲಿಫ್ಟ್. ನನಗೆ ಸರ್ಕ್ಯುಲರ್ ಮೋಷನ್ ಕುಳಿತದ್ದು ಈ ಚಿತ್ರ ಬರೆದ ಮೇಲೆ.

ಮೇಡಂ ಹೇಳಿದ ಗಣಿತದ ಮಾತು ಒಪ್ಪುತ್ತೇನೆ. ಆದರೆ ಇಲ್ಲಿ ಬೇಕಾದ ಗಣಿತ ಬರೀ ಸೈನ್, ಕಾಸ್. ಅದು ಹತ್ತನೇ ತರಗತಿಯಲ್ಲೇ ಆಗಿರುತ್ತದೆ. ಅಷ್ಟಾದರೂ ತಪ್ಪುತ್ತೇವಲ್ಲ, ಅದಕ್ಕೇನಂತೀರಿ?

ಹೈಸ್ಕೂಲ್ ಮಾಸ್ತರ್, ಯಾದಗಿರಿ

ಬೀದರ್ ತಮ್ಮ ಕೇಳಿದ್ದು ಸರಿಯಾಗಿದೆ. ಗಣಿತ ತಡವಾಗಿ ಬರುವುದು ಒಂದು ಕಾರಣ ಅಷ್ಟೇ ಮೇಡಂ. ಅದಕ್ಕಿಂತ ದೊಡ್ಡದು ಮಕ್ಕಳು ತಲೆಯಲ್ಲಿ ಇಟ್ಟುಕೊಂಡು ಬರುವ ನಂಬಿಕೆ. ನಾನು ಒಂಬತ್ತನೇ ತರಗತಿಗೆ ಒಂದು ಪ್ರಶ್ನೆ ಪ್ರತಿ ವರ್ಷ ಕೇಳುತ್ತೇನೆ. ಚೆಂಡನ್ನು ನೆಟ್ಟಗೆ ಮೇಲಕ್ಕೆ ಎಸೆದೆ. ತುದಿಯಲ್ಲಿ ಒಂದು ಕ್ಷಣ ನಿಂತಿತು. ಆಗ ಅದರ ಮೇಲೆ ಬಲ ಎಷ್ಟು? ತರಗತಿಯ ಬಹುಪಾಲು ಮಕ್ಕಳು ಸೊನ್ನೆ ಅನ್ನುತ್ತಾರೆ. ಸರಿ, ಮೇಲೆ ಹೋಗುತ್ತಿರುವಾಗ? ಕೈಯ ಬಲ ಮೇಲಕ್ಕೆ, ಭೂಮಿಯ ಬಲ ಕೆಳಕ್ಕೆ, ಕೈಯದ್ದು ಜಾಸ್ತಿ ಅನ್ನುತ್ತಾರೆ. ಚೆಂಡು ಕೈ ಬಿಟ್ಟು ಹೋಗಿದೆ, ಕೈಯ ಬಲ ಅದರ ಜತೆ ಹೋಗುತ್ತದೆಯೇ ಅಂದರೆ ಹೌದು ಅಂತಲೇ ಹೇಳುತ್ತಾರೆ.

ಈ ಮಕ್ಕಳು ದಡ್ಡರಲ್ಲ. ಎಸೆದವನ ಶಕ್ತಿ ವಸ್ತುವಿನೊಳಗೆ ಹೊಕ್ಕು ಅದನ್ನು ಒಯ್ಯುತ್ತದೆ, ಅದು ಖರ್ಚಾದಾಗ ವಸ್ತು ಬೀಳುತ್ತದೆ ಅಂತ ನೂರಾರು ವರ್ಷ ದೊಡ್ಡ ದೊಡ್ಡ ಪಂಡಿತರೇ ನಂಬಿದ್ದರು. ಅದನ್ನು ಕೆಡವಲು ಗೆಲಿಲಿಯೋ ಬರಬೇಕಾಯಿತು, 1687ರಲ್ಲಿ ನ್ಯೂಟನ್ ನಿಯಮಗಳನ್ನು ಬರೆಯಬೇಕಾಯಿತು. ಹದಿನಾಲ್ಕು ವರ್ಷದ ಹುಡುಗನ ತಲೆಯಿಂದ ಅದು ಒಂದು ಪೀರಿಯಡ್‌ನಲ್ಲಿ ಹೋಗಿಬಿಡಲಿ ಅಂದರೆ ಹೇಗೆ ಹೋಗುತ್ತದೆ ಹೇಳ್ರಿ.

ನಾನು ಮಕ್ಕಳಿಗೆ ಕೇಳುವ ಮರುಪ್ರಶ್ನೆ ಇದು. ತುದಿಯಲ್ಲಿ ವೇಗವೂ ಸೊನ್ನೆ, ಬಲವೂ ಸೊನ್ನೆ ಆಗಿದ್ದರೆ ಚೆಂಡು ಕೆಳಗೆ ಯಾಕೆ ಬಂತು? ಅಲ್ಲೇ ಇರಬೇಕಿತ್ತಲ್ಲ? ಆಗ ತರಗತಿ ಗದ್ದಲ ಆಗುತ್ತದೆ. ಆ ಗದ್ದಲದಲ್ಲೇ ಪಾಠ ಆಗುವುದು. ವೇಗ ಸೊನ್ನೆ ಆದರೂ ವೇಗೋತ್ಕರ್ಷ 9.8 ಇದ್ದೇ ಇದೆ ಅನ್ನುವುದು ಅವರ ಬಾಯಿಂದಲೇ ಬರಬೇಕು.

ಅಮೆರಿಕದ ಅರಿಜೋನಾದಲ್ಲಿ ಹೆಸ್ಟೆನೆಸ್ ಅನ್ನುವ ಪ್ರೊಫೆಸರ್ ಮತ್ತು ಜತೆಗಾರರು 1992ರಲ್ಲಿ ಇಂಥ ಪ್ರಶ್ನೆಗಳದ್ದೇ ಒಂದು ಪರೀಕ್ಷೆ ಮಾಡಿದರು. ಲೆಕ್ಕ ಒಂದೂ ಇಲ್ಲ. ಬಲ ಯಾವ ಕಡೆ, ಹಾದಿ ಹೇಗೆ ಬಾಗುತ್ತದೆ, ಇಷ್ಟೇ. ಕಾಲೇಜಿನಲ್ಲಿ ಮೆಕ್ಯಾನಿಕ್ಸ್ ಪಾಸಾದವರೂ ಅದರಲ್ಲಿ ಎಡವಿದರು. ಹೀಗಾಗಿ ಇದು ನಮ್ಮ ಕಲ್ಯಾಣ ಕರ್ನಾಟಕದ ಮಕ್ಕಳ ಸಮಸ್ಯೆ, ಕನ್ನಡ ಮಾಧ್ಯಮದ ಸಮಸ್ಯೆ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ.

ಎಂಜಿನಿಯರಿಂಗ್ ಥರ್ಡ್ ಸೆಮ್, ಕಲಬುರಗಿ

ಸರ್, ಗೌರವ ಇಟ್ಟುಕೊಂಡೇ ಹೇಳುತ್ತೇನೆ, ನಾನು ಒಪ್ಪಲ್ಲ. ಸಿಇಟಿಯಲ್ಲಿ 60 ಪ್ರಶ್ನೆ, 80 ನಿಮಿಷ. ಒಂದು ಪ್ರಶ್ನೆಗೆ ಒಂದು ನಿಮಿಷ ಇಪ್ಪತ್ತು ಸೆಕೆಂಡ್. ಅಲ್ಲಿ ಕೂತು ಗೆಲಿಲಿಯೋ ಏನಂದ ಅಂತ ಯೋಚನೆ ಮಾಡಲು ಆಗಲ್ಲ. ನಮ್ಮ ಹಳ್ಳಿ ಹುಡುಗರಿಗೆ ಬೇಕಾಗಿರುವುದು ಅಭ್ಯಾಸ. ಹಳೆಯ ಪ್ರಶ್ನೆಪತ್ರಿಕೆ ಹಿಡಿದು ಬಿಡಿಸಿದರೆ ಪರಿಕಲ್ಪನೆ ತಾನಾಗಿ ಬರುತ್ತದೆ. ನನಗೆ ಬಂದದ್ದು ಹಾಗೆಯೇ. ಸೀಟು ಸಿಗದೆ ಹೋದರೆ ಆ ಪರಿಕಲ್ಪನೆ ತಗೊಂಡು ಏನು ಮಾಡುವುದು? ಸಿಟ್ಟು ಮಾಡ್ಕೋಬೇಡಿ, ಮನೆ ಪರಿಸ್ಥಿತಿ ನೋಡಿ ಹೇಳುತ್ತಿದ್ದೇನೆ.

ಪಿಯು ಫಿಸಿಕ್ಸ್ ಮೇಡಂ, ಕಲಬುರಗಿ

ಸಿಟ್ಟು ಯಾಕಪ್ಪ. ಸೀಟು ಮುಖ್ಯ, ನಾನೂ ಒಪ್ಪುತ್ತೇನೆ. ಅಭ್ಯಾಸವೂ ಬೇಕು. ಆದರೆ ಲೆಕ್ಕ ಬಿಡಿಸಿದರೆ ಪರಿಕಲ್ಪನೆ ತಾನಾಗಿ ಬರುತ್ತದೆ ಅನ್ನುವುದು ನಿಜ ಅಲ್ಲ, ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ.

ಹಾರ್ವರ್ಡ್‌ನಲ್ಲಿ ಎರಿಕ್ ಮಝೂರ್ ಅನ್ನುವ ಪ್ರೊಫೆಸರ್ ತಮ್ಮ ವಿದ್ಯಾರ್ಥಿಗಳಿಗೆ ಒಂದೇ ಪಾಠದಿಂದ ಎರಡು ಪ್ರಶ್ನೆ ಕೊಟ್ಟರು. ಒಂದು ಎರಡು ಬ್ಯಾಟರಿ, ಹಲವು ರೆಸಿಸ್ಟರ್ (ಕರೆಂಟಿಗೆ ತಡೆ ಒಡ್ಡುವ ಭಾಗ) ಇರುವ, ಕಿರ್ಚಾಫ್ ನಿಯಮ ಹಾಕಿ ಬಿಡಿಸುವ ಸರ್ಕ್ಯೂಟ್ ಲೆಕ್ಕ. ಇನ್ನೊಂದು ಬರೀ ಮೂರು ಒಂದೇ ಥರದ ಬಲ್ಬುಗಳು ಸೀರೀಸ್‌ನಲ್ಲಿ (ಒಂದರ ಹಿಂದೆ ಒಂದು), ಮೂರನೇ ಬಲ್ಬಿನ ಎರಡು ತುದಿಗೆ ಒಂದು ಸ್ವಿಚ್. ಸ್ವಿಚ್ ಹಾಕಿದರೆ ಯಾವ ಬಲ್ಬಿಗೆ ಏನಾಗುತ್ತದೆ? ಮೊದಲನೆಯದನ್ನು ಬಿಡಿಸಿದ ಎಷ್ಟೋ ಜನ ಎರಡನೆಯದರಲ್ಲಿ ತಪ್ಪಿದರು. ಉತ್ತರ ನೋಡು, ಕರೆಂಟ್ ಸ್ವಿಚ್ಚಿನ ದಾರಿಯಲ್ಲೇ ಹೋಗುವುದರಿಂದ ಮೂರನೇ ಬಲ್ಬು ಆರಿಹೋಗುತ್ತದೆ, ಉಳಿದ ಎರಡು ಮೊದಲಿಗಿಂತ ಜೋರಾಗಿ ಉರಿಯುತ್ತವೆ. ಬಲ್ಬುಗಳ ರೆಸಿಸ್ಟೆನ್ಸ್ ಬದಲಾಗುವುದಿಲ್ಲ ಅಂದುಕೊಂಡರೆ ಕರೆಂಟ್ ಒಂದೂವರೆ ಪಟ್ಟು ಆಗುತ್ತದೆ. ಇದಕ್ಕೆ ಪೆನ್ನು ಕೂಡ ಬೇಡ.

ಆಮೇಲೆ ಅವರು ಪಾಠ ಮಾಡುವ ರೀತಿಯನ್ನೇ ಬದಲಿಸಿದರು. ತರಗತಿಯಲ್ಲಿ ಒಂದು ಪ್ರಶ್ನೆ ಹಾಕುವುದು, ಎಲ್ಲರೂ ತಮ್ಮ ಉತ್ತರ ಆರಿಸುವುದು, ಆಮೇಲೆ ಪಕ್ಕದವರ ಜತೆ ವಾದ ಮಾಡುವುದು, ಮತ್ತೆ ಉತ್ತರ ಕೊಡುವುದು. ಯಾದಗಿರಿ ಸರ್ ಮಾಡುತ್ತಿರುವ ಗದ್ದಲದ ಪಾಠ ಅದೇ ಜಾತಿಯದು. ಇದಕ್ಕೆ ಲ್ಯಾಬೂ ಬೇಡ, ಪ್ರೊಜೆಕ್ಟರೂ ಬೇಡ.

ಸರ್, ನಿಮ್ಮ ಮಾತಿನಿಂದ ನನ್ನ ವಾದಕ್ಕೆ ಇನ್ನೊಂದು ಕಾಲು ಬಂತು. ಗಣಿತ ಒಂದು ಕಡೆ, ನಂಬಿಕೆ ಇನ್ನೊಂದು ಕಡೆ. ಮಕ್ಕಳು ಕಷ್ಟ ಅನ್ನುವ ಪಾಠಗಳಲ್ಲಿ ಗಣಿತ ಅಡ್ಡ ಬರುತ್ತದೆ. ಸುಲಭ ಅನ್ನುವ ಪಾಠಗಳಲ್ಲಿ ನಂಬಿಕೆ ಅಡ್ಡ ಬರುತ್ತದೆ, ಅದು ಅವರಿಗೆ ಗೊತ್ತೂ ಆಗುವುದಿಲ್ಲ. ಕರೆಂಟ್ ಎಲೆಕ್ಟ್ರಿಸಿಟಿ ಇದಕ್ಕೆ ದೊಡ್ಡ ಉದಾಹರಣೆ.

ವೈಂಡಿಂಗ್ ಅಂಗಡಿ, ಶಹಾಪುರ

ನಾನು ಐಟಿಐ. ಇಲ್ಲಿ ಬರೆಯಬಹುದಾ ಗೊತ್ತಿಲ್ಲ, ಆದರೆ ಕರೆಂಟ್ ಮಾತು ಬಂತಲ್ಲ. ನನ್ನ ಹತ್ತಿರ ಕೆಲಸ ಕಲಿಯಲು ಬರುವ ಹುಡುಗರಿಗೆ ಮೊದಲ ದಿನವೇ ಒಂದು ಪರೀಕ್ಷೆ ಇಡುತ್ತೇನೆ. ಸೀರೀಸ್ ಬೋರ್ಡ್ ಮೇಲೆ 40 ವ್ಯಾಟ್ ಬಲ್ಬ್ ಒಂದು, 100 ವ್ಯಾಟ್ ಬಲ್ಬ್ ಒಂದು, ಹಳೆಯ ಕಾಲದ ತಂತಿ ಬಲ್ಬು, ಸೀರೀಸ್‌ನಲ್ಲಿ ಹಾಕುತ್ತೇನೆ. ಯಾವುದು ಜಾಸ್ತಿ ಉರಿಯುತ್ತದೆ? ಎಲ್ಲರೂ ನೂರು ಅಂತಾರೆ. ಸ್ವಿಚ್ ಹಾಕಿದರೆ 40ರದ್ದು ಬೆಳಗುತ್ತದೆ, 100ರದ್ದರ ತಂತಿ ಸ್ವಲ್ಪ ಕೆಂಪಗಾದರೆ ಹೆಚ್ಚು. ಬಿಎಸ್ಸಿ ಮುಗಿಸಿ ಬಂದವರೂ ವೈರು ಅದಲುಬದಲಾಗಿದೆ ಅಂತ ಬೋರ್ಡ್ ಬಿಚ್ಚಿ ನೋಡಿದ್ದಾರೆ.

ಆಮೇಲೆ ಅವರದೇ ಇನ್ನೊಂದು ಮಾತು, ಮೊದಲನೇ ಬಲ್ಬು ಕರೆಂಟ್ ತಿಂದುಬಿಟ್ಟಿತು, ಎರಡನೆಯದಕ್ಕೆ ಕಡಿಮೆ ಉಳಿಯಿತು ಅಂತ. ಆಗ ನಾನು ಎರಡು ಬಲ್ಬಿನ ಜಾಗ ಅದಲುಬದಲು ಮಾಡುತ್ತೇನೆ. ಈಗಲೂ 40ರದ್ದೇ ಬೆಳಗುತ್ತದೆ. ಜಾಗದ ಮಾತೇ ಅಲ್ಲ ಅಂತ ಆಗ ತಿಳಿಯುತ್ತದೆ.

ಎಸಿ ಪಾಠ ಕಷ್ಟ ಅಂದಿರಿ. ಸೀಲಿಂಗ್ ಫ್ಯಾನಿನ ಕಂಡೆನ್ಸರ್ ನೋಡಿದರೆ ಎಸಿ ಯಾಕೆ ಬೇಕು ಅಂತ ತಿಳಿಯುತ್ತದೆ. ಫ್ಯಾನಿನಲ್ಲಿ ಎರಡು ವೈಂಡಿಂಗ್. ಎರಡರಲ್ಲೂ ಕರೆಂಟ್ ಒಂದೇ ಹೊತ್ತಿಗೆ ಏರಿ ಇಳಿದರೆ ಫ್ಯಾನು ಗುಂಯ್ ಅನ್ನುತ್ತದೆ, ತಿರುಗಲ್ಲ. ಕಂಡೆನ್ಸರ್ ಒಂದು ವೈಂಡಿಂಗಿನ ಕರೆಂಟನ್ನು ಮುಂದೆ ಮಾಡುತ್ತದೆ. ಕಂಡೆನ್ಸರ್ ಹೋದ ಫ್ಯಾನನ್ನು ಕೈಯಿಂದ ದೂಡಿದರೆ ಆ ಕಡೆಗೆ ನಿಧಾನಕ್ಕೆ ತಿರುಗುವುದುಂಟು. ಪುಸ್ತಕದಲ್ಲಿ ಏನಂತಾರೆ ನನಗೆ ಗೊತ್ತಿಲ್ಲ.

ಬೀದರ್ ಬಿಎಸ್ಸಿ

ಅಣ್ಣಾ, ಪುಸ್ತಕದಲ್ಲಿ ಅದನ್ನೇ ಫೇಸ್ ಡಿಫರೆನ್ಸ್ ಅಂತಾರೆ. ನಮಗೆ ಫೇಸರ್ (ತಿರುಗುವ ಬಾಣಗಳ) ಚಿತ್ರ ಬರೆಸಿದರು, ಫ್ಯಾನು ಯಾರೂ ತೋರಿಸಲಿಲ್ಲ.

40 ವ್ಯಾಟ್ ವಿಷಯಕ್ಕೆ ಲೆಕ್ಕ ಸೇರಿಸುತ್ತೇನೆ. 230 ವೋಲ್ಟ್‌ನಲ್ಲಿ ಪೂರ್ತಿ ಉರಿಯುವಾಗ 100 ವ್ಯಾಟ್ ಬಲ್ಬಿನ ರೆಸಿಸ್ಟೆನ್ಸ್ 529 ಓಂ, 40ರದ್ದು ಸುಮಾರು 1322 ಓಂ. ಸೀರೀಸ್‌ನಲ್ಲಿ ಎರಡರಲ್ಲೂ ಹರಿಯುವ ಕರೆಂಟ್ ಒಂದೇ. ಆಗ ರೆಸಿಸ್ಟೆನ್ಸ್ ಯಾರಿಗೆ ಜಾಸ್ತಿಯೋ ಅವರಿಗೆ ವೋಲ್ಟೇಜ್ ಜಾಸ್ತಿ, ಪವರ್ ಜಾಸ್ತಿ. ಬಲ್ಬಿನ ಮೇಲೆ ಬರೆದ ವ್ಯಾಟ್ ನೇರವಾಗಿ 230 ವೋಲ್ಟ್ ಕೊಟ್ಟಾಗ ಮಾತ್ರ ನಿಜ.

ಒಬ್ಬ ತಂದೆ, ಚಿತ್ತಾಪುರ

ಎಲ್ಲ ಓದುತ್ತಿದ್ದೇನೆ. ಕರೆಂಟ್ ಖರ್ಚಾಗುವುದಿಲ್ಲ ಅಂದರೆ ಜೆಸ್ಕಾಂ ಮೀಟರ್ ಯಾಕೆ ಓಡುತ್ತದೆ? ನಿಜವಾಗಿಯೂ ತಿಳಿಯಲು ಕೇಳುತ್ತಿದ್ದೇನೆ.

ಹೈಸ್ಕೂಲ್ ಮಾಸ್ತರ್, ಯಾದಗಿರಿ

ಒಳ್ಳೆಯ ಪ್ರಶ್ನೆ ಸರ್. ನಿಮ್ಮ ಮನೆಗೆ ಒಂದು ವೈರಿನಲ್ಲಿ ಬಂದ ಕರೆಂಟ್ ಇನ್ನೊಂದು ವೈರಿನಲ್ಲಿ ಅಷ್ಟೇ ವಾಪಸ್ ಹೋಗುತ್ತದೆ. ಮೀಟರ್ ಎಣಿಸುವುದು ಶಕ್ತಿಯನ್ನು. ಒಂದು ಯೂನಿಟ್ ಅಂದರೆ ಒಂದು ಕಿಲೋವ್ಯಾಟ್ ಗಂಟೆ, 36 ಲಕ್ಷ ಜೌಲ್. ಎತ್ತಿನ ಗಾಣದಲ್ಲಿ ಎತ್ತು ಸುತ್ತು ಹಾಕಿ ಅಲ್ಲಿಗೇ ಬರುತ್ತದೆ, ಎತ್ತೇನೂ ಕಡಿಮೆ ಆಗುವುದಿಲ್ಲ, ಆದರೆ ಕಾಳು ಅರೆದಿರುತ್ತದೆ. ದುಡ್ಡು ಕೊಡುವುದು ಅರೆದದ್ದಕ್ಕೆ.

ಸೆಕೆಂಡ್ ಪಿಯು, ಸೇಡಂ

ಮೇಡಂ, ನನಗೂ ಒಂದು ಜಾಗ ಇದೆ. ಎಸಿ ಜನರೇಟರ್ ಚಿತ್ರ. ಕಾಯಿಲ್ (ತಂತಿಯ ಸುರುಳಿ) ಆಯಸ್ಕಾಂತದ ಫೀಲ್ಡಿಗೆ ಅಡ್ಡಲಾಗಿ ನಿಂತಾಗ ಫ್ಲಕ್ಸ್ (ಸುರುಳಿಯೊಳಗೆ ಹಾಯುವ ಆಯಸ್ಕಾಂತದ ಗೆರೆಗಳು) ಪೂರ್ತಿ ಇರುತ್ತದೆ. ಆಗ ಇಎಂಎಫ್ (ಸುರುಳಿಯಲ್ಲಿ ಹುಟ್ಟುವ ವೋಲ್ಟೇಜ್) ಸೊನ್ನೆ ಅಂತ ಬರೆದಿದ್ದಾರೆ. ಕಾಯಿಲ್ ಸಮಾನಾಂತರ ಆದಾಗ ಫ್ಲಕ್ಸ್ ಸೊನ್ನೆ, ಆಗ ಇಎಂಎಫ್ ಗರಿಷ್ಠ. ಇದು ಉಲ್ಟಾ ಆಯಿತಲ್ವಾ? ಪೂರ್ತಿ ಫ್ಲಕ್ಸ್ ಇರುವಾಗ ಯಾಕೆ ಏನೂ ಬರಲ್ಲ? ಕೋಚಿಂಗ್‌ನಲ್ಲಿ ಕೇಳಿದೆ, ಕಾಸ್‌ನ ಡೆರಿವೇಟಿವ್ ಸೈನ್ ಅಂದರು. ಅದು ಗೊತ್ತು. ಅದು ಗೊತ್ತಿದ್ದೂ ಗೊತ್ತಾಗುತ್ತಿಲ್ಲ.

ಪಿಯು ಫಿಸಿಕ್ಸ್ ಮೇಡಂ, ಕಲಬುರಗಿ

ಪುಟ್ಟಿ, ನೀನು ನಿಂತ ಜಾಗದಲ್ಲಿ ಬಹಳ ಜನ ನಿಲ್ಲುತ್ತಾರೆ, ನಿಂತದ್ದು ಹೇಳುವವರು ಕಡಿಮೆ. ಡೆರಿವೇಟಿವ್ ಪಕ್ಕಕ್ಕಿಡು. ಕ್ಯಾಲ್ಕುಲೇಟರ್ ತಗೋ.

ಫ್ಲಕ್ಸ್ ಗರಿಷ್ಠ ಇರುವಾಗ ಅದನ್ನು 1 ಅಂದುಕೋ. ಅಲ್ಲಿಂದ ಕಾಯಿಲ್ 10 ಡಿಗ್ರಿ ತಿರುಗಿತು. ಕಾಸ್ 10 ಅಂದರೆ 0.985. ಫ್ಲಕ್ಸ್ ಎಷ್ಟು ಬದಲಾಯಿತು? 0.015. ಈಗ ಇನ್ನೊಂದು ತುದಿಗೆ ಬಾ. 80 ಡಿಗ್ರಿಯಿಂದ 90ಕ್ಕೆ, ಅದೇ 10 ಡಿಗ್ರಿ, ಅಷ್ಟೇ ಹೊತ್ತು. ಫ್ಲಕ್ಸ್ 0.174ರಿಂದ ಸೊನ್ನೆಗೆ ಬಂತು. ಬದಲಾವಣೆ 0.174. ಹನ್ನೊಂದು ಪಟ್ಟಿಗಿಂತ ಜಾಸ್ತಿ! ಇಎಂಎಫ್‌ಗೆ ಎಷ್ಟು ಫ್ಲಕ್ಸ್ ಇದೆ ಅನ್ನುವುದು ಬೇಕಾಗಿಯೇ ಇಲ್ಲ, ಎಷ್ಟು ಬೇಗ ಬದಲಾಗುತ್ತಿದೆ ಅನ್ನುವುದು ಮಾತ್ರ ಬೇಕು. ಫ್ಲಕ್ಸ್ ಗರಿಷ್ಠ ಇರುವ ಜಾಗದಲ್ಲಿ ಅದು ಬದಲಾಗುವುದೇ ಇಲ್ಲ ಅನ್ನುವಷ್ಟು ನಿಧಾನ. 10ರ ಬದಲು 1 ಡಿಗ್ರಿ ಹಾಕಿ ಮಾಡು, ವ್ಯತ್ಯಾಸ ಇನ್ನೂ ದೊಡ್ಡದಾಗುತ್ತದೆ. ಇದನ್ನು ಕೈಯಾರೆ ಮಾಡಿದ ಮೇಲೆ ಕಾಸ್‌ನ ಡೆರಿವೇಟಿವ್ ಸೈನ್ ಅನ್ನುವ ಸಾಲಿಗೆ ಜೀವ ಬರುತ್ತದೆ.

1831ರಲ್ಲಿ ಇದನ್ನು ಕಂಡುಹಿಡಿದ ಫ್ಯಾರಡೆಗೆ ಈ ಡೆರಿವೇಟಿವ್ ಏನೂ ಬರುತ್ತಿರಲಿಲ್ಲ. ಬುಕ್ ಬೈಂಡಿಂಗ್ ಅಂಗಡಿಯಲ್ಲಿ ಕೆಲಸ ಕಲಿತ ಹುಡುಗ ಆತ. ಆಯಸ್ಕಾಂತದ ಗೆರೆಗಳನ್ನು ಮನಸ್ಸಿನಲ್ಲಿ ಚಿತ್ರ ಮಾಡಿಕೊಂಡು, ಸುರುಳಿ ಎಷ್ಟು ಗೆರೆ ಕತ್ತರಿಸಿತು ಅಂತ ಯೋಚಿಸಿದ. ಆ ಚಿತ್ರಕ್ಕೆ ಗಣಿತ ಕೊಟ್ಟದ್ದು ಆಮೇಲೆ ಬಂದ ಮ್ಯಾಕ್ಸ್‌ವೆಲ್. ನಾವು ತರಗತಿಯಲ್ಲಿ ಮ್ಯಾಕ್ಸ್‌ವೆಲ್‌ನಿಂದ ಶುರು ಮಾಡಿ ಫ್ಯಾರಡೆಯನ್ನು ಬಿಟ್ಟುಬಿಡುತ್ತೇವೆ. ನನಗೆ ಇದು ಬಹಳ ಬೇಸರದ ವಿಷಯ.

ಲೆನ್ಸ್ ಅನ್ನುವ ವಿಜ್ಞಾನಿಯ ನಿಯಮವೂ ಹಾಗೆಯೇ. ಹುಟ್ಟುವ ಕರೆಂಟ್ ತನ್ನನ್ನು ಹುಟ್ಟಿಸಿದ ಬದಲಾವಣೆಯನ್ನೇ ತಡೆಯುತ್ತದೆ ಅನ್ನುತ್ತದೆ ಅದು. ಒಂದು ಮೊಳ ಅಲ್ಯೂಮಿನಿಯಂ ಪೈಪು, ಅದರೊಳಗೆ ಹೋಗುವಂಥ ಸಣ್ಣ ನಿಯೋಡಿಮಿಯಂ ಆಯಸ್ಕಾಂತ ಸಿಕ್ಕರೆ ನೆಟ್ಟಗೆ ಹಿಡಿದು ಮೇಲಿಂದ ಬಿಡು. ಪೈಪಿಗೆ ಆಯಸ್ಕಾಂತ ಅಂಟುವುದಿಲ್ಲ, ಆದರೂ ಒಳಗೆ ತೇಲಿಕೊಂಡು ಬಂದ ಹಾಗೆ ನಿಧಾನಕ್ಕೆ ಇಳಿಯುತ್ತದೆ. ಪೈಪಿನ ಗೋಡೆಯಲ್ಲಿ ಹುಟ್ಟುವ ಕರೆಂಟ್ ಕೆಳಗಿನಿಂದ ತಡೆಯುತ್ತದೆ, ಮೇಲಿನಿಂದ ಎಳೆದು ಹಿಡಿಯುತ್ತದೆ. ತಡೆಯುವ ಬದಲು ಸಹಾಯ ಮಾಡಿದ್ದರೆ ಆಯಸ್ಕಾಂತ ಜೋರಾಗಿ, ಇನ್ನೂ ಜೋರಾಗಿ ಹೋಗುತ್ತಾ ಬಿಟ್ಟಿ ಶಕ್ತಿ ಹುಟ್ಟಿಬಿಡುತ್ತಿತ್ತು. ಇಎಂಎಫ್ ಸೂತ್ರದಲ್ಲಿ ಮೈನಸ್ ಚಿಹ್ನೆ ಇರುವುದು ಅದಕ್ಕೆ.

ಸೆಕೆಂಡ್ ಪಿಯು, ಸೇಡಂ

1 ಡಿಗ್ರಿ ಹಾಕಿ ಮಾಡಿದೆ ಮೇಡಂ. ನೂರು ಪಟ್ಟು ದಾಟಿತು. ಈಗ ತಿಳಿಯಿತು.

ಇನ್ನೊಂದು ಕೇಳಲಾ? ಥರ್ಮೋಡೈನಮಿಕ್ಸ್ (ಶಾಖ ಮತ್ತು ಕೆಲಸದ ಪಾಠ). ಕೆಲಸಕ್ಕೆ ಫಿಸಿಕ್ಸ್‌ನಲ್ಲಿ ಒಂದು ಚಿಹ್ನೆ, ಕೆಮಿಸ್ಟ್ರಿಯಲ್ಲಿ ಇನ್ನೊಂದು ಚಿಹ್ನೆ. ಯಾವುದು ಸರಿ?

ಬೀದರ್ ಬಿಎಸ್ಸಿ

ತಂಗಿ, ಎರಡೂ ಸರಿ. ಫಿಸಿಕ್ಸ್‌ನಲ್ಲಿ ಅನಿಲ ಹೊರಗಿನವರಿಗೆ ಮಾಡಿದ ಕೆಲಸ ಪ್ಲಸ್. ಕೆಮಿಸ್ಟ್ರಿಯಲ್ಲಿ ಹೊರಗಿನವರು ಅನಿಲಕ್ಕೆ ಮಾಡಿದ ಕೆಲಸ ಪ್ಲಸ್. ಸೂತ್ರ ನೋಡುವ ಮುಂಚೆ ಪಿಸ್ಟನ್ ಒಳಗೆ ಹೋಯಿತೋ ಹೊರಗೆ ಬಂತೋ ಕೇಳಿಕೋ. ಸೈಕಲ್ ಪಂಪು ಒತ್ತಿದಾಗ ಕೆಳಗೆ ಬಿಸಿ ಆಗುತ್ತದಲ್ಲ, ಅಲ್ಲಿ ನೀನು ಗಾಳಿಗೆ ಕೆಲಸ ಮಾಡಿದೆ, ಗಾಳಿಯ ಆಂತರಿಕ ಶಕ್ತಿ ಏರಿತು. ಎರಡೂ ಸೂತ್ರದಲ್ಲಿ ಹಾಕಿ ನೋಡು, ಉತ್ತರ ಒಂದೇ ಬರುತ್ತದೆ. ಇದನ್ನು ಎರಡು ಡಿಪಾರ್ಟ್‌ಮೆಂಟ್‌ನವರು ಒಮ್ಮೆ ಕೂತು ಮಕ್ಕಳಿಗೆ ಹೇಳಿದರೆ ಹತ್ತು ನಿಮಿಷದ ಕೆಲಸ.

ಒಬ್ಬ ತಂದೆ, ಚಿತ್ತಾಪುರ

ನನ್ನ ಮಗಳು ಎಸೆಸೆಲ್ಸಿ ಕನ್ನಡ ಮಾಧ್ಯಮ. ಒಳ್ಳೆಯ ಮಾರ್ಕ್ಸ್ ಬಂದಿದೆ. ಸೈನ್ಸ್ ತಗೋತೀನಿ ಅಂತಾಳೆ. ಫಿಸಿಕ್ಸ್ ಇಂಗ್ಲಿಷಿನಲ್ಲಿ ಇರುತ್ತದೆ, ಆಗಲ್ಲ, ಆರ್ಟ್ಸ್ ಹಾಕಿ ಅಂತ ಸಂಬಂಧಿಕರು ಹೇಳುತ್ತಿದ್ದಾರೆ. ಏನು ಮಾಡಲಿ?

ಹೈಸ್ಕೂಲ್ ಮಾಸ್ತರ್, ಯಾದಗಿರಿ

ಅವಳಿಗೆ ಇಷ್ಟ ಇದ್ದರೆ ಸೈನ್ಸ್ ಕೊಡಿಸಿ ಸರ್. ಬೇಡ ಅನ್ನಬೇಡಿ. ಮೊದಲ ಕೆಲವು ತಿಂಗಳು ಕಷ್ಟ ಆಗುತ್ತದೆ, ಅದು ಫಿಸಿಕ್ಸ್ ಕಷ್ಟ ಅಲ್ಲ, ಪ್ರಶ್ನೆ ಓದುವ ಕಷ್ಟ. ನನ್ನ ಹಳೆಯ ವಿದ್ಯಾರ್ಥಿಗಳಿಗೆ ಹೇಳುವುದು ಇಷ್ಟೇ. ಪ್ರಶ್ನೆ ಓದಿದ ಕೂಡಲೇ ಸೂತ್ರ ಹುಡುಕಬೇಡ, ಚಿತ್ರ ಬರೆ. ಚಿತ್ರಕ್ಕೆ ಭಾಷೆ ಇಲ್ಲ. ಒಂಬತ್ತು, ಹತ್ತನೇ ತರಗತಿಯ ಕನ್ನಡ ವಿಜ್ಞಾನ ಪುಸ್ತಕ ಮಾರಿಬಿಡಬೇಡಿ, ಪಕ್ಕದಲ್ಲೇ ಇರಲಿ. ರಜೆಯಲ್ಲಿ ತ್ರಿಕೋನಮಿತಿ ಒಂದು ಗಟ್ಟಿ ಮಾಡಿಸಿ. ಕಲಬುರಗಿಯಲ್ಲಿ ವಿಜ್ಞಾನ ಕೇಂದ್ರ ಇದೆಯಲ್ಲ, ಒಂದು ದಿನ ಕರಕೊಂಡು ಹೋಗಿ, ಅವಸರ ಮಾಡದೆ ಸುತ್ತಲು ಬಿಡಿ.

ಎಂಜಿನಿಯರಿಂಗ್ ಥರ್ಡ್ ಸೆಮ್, ಕಲಬುರಗಿ

ನಾನು ಕೂಡ ಕನ್ನಡ ಮಾಧ್ಯಮವೇ ಅಂಕಲ್. ಧೈರ್ಯವಾಗಿ ಹಾಕಿ. ಫಸ್ಟ್ ಪಿಯು ಮೊದಲ ಟೆಸ್ಟಿನಲ್ಲಿ ಕಡಿಮೆ ಬಂದರೆ ಬೈಯಬೇಡಿ, ಅಷ್ಟೇ ಸಾಕು.

ಮೇಡಂ, ಅಭ್ಯಾಸ ಬೇಕು ಅನ್ನುವ ಮಾತು ನಾನು ಬಿಡಲ್ಲ. ಆದರೆ ಮೂರು ಬಲ್ಬಿನ ಪ್ರಶ್ನೆಯನ್ನು ನಮ್ಮ ಹಾಸ್ಟೆಲ್ ರೂಮಿನಲ್ಲಿ ಹಾಕಿದೆ. ರಾತ್ರಿ ಊಟ ತಣ್ಣಗಾಯಿತು, ವಾದ ಮುಗಿಯಲಿಲ್ಲ. ನಿಮ್ಮ ಎರಡು ವಾರದಲ್ಲಿ ಯಾರಾದರೂ ಬೇಕಾದರೆ ಶನಿವಾರ ಬರುತ್ತೇನೆ.

ಪಿಯು ಫಿಸಿಕ್ಸ್ ಮೇಡಂ, ಕಲಬುರಗಿ

ಬಾ, ಖಂಡಿತ ಬಾ. ಮೆಸೇಜ್ ಮಾಡು.

ಎಲ್ಲರ ಮಾತು ಓದಿ ನಾನು ಹೀಗೆ ಯೋಚಿಸಿದ್ದೇನೆ. ಮೊದಲ ವಾರ ಸೂತ್ರವೇ ಇಲ್ಲ. ಬರೀ ಬಾಣ. ಗೋಡೆಗೆ ಒರಗಿಸಿದ ಏಣಿ, ಇಳಿಜಾರಿನಲ್ಲಿ ನಿಲ್ಲಿಸಿದ ಗಾಡಿ, ಮೇಲೆಸೆದ ಚೆಂಡು, ತಿರುವಿನಲ್ಲಿ ಬಸ್ಸು. ಯಾರು ದೂಡುತ್ತಿದ್ದಾರೆ, ಯಾರನ್ನು, ಯಾವ ಕಡೆ. ಯಾರು ಅಂತ ಹೇಳಲು ಆಗದ ಬಾಣವನ್ನು ಅಳಿಸಬೇಕು. ಎರಡನೇ ವಾರ ಗ್ರಾಫ್ ಮತ್ತು ಇಳಿಜಾರು, ಸೇಡಂ ಹುಡುಗಿಗೆ ಕೊಟ್ಟ ಹಾಗೆ ಅಂಕಿಗಳಲ್ಲೇ, ಡೆರಿವೇಟಿವ್ ಹೆಸರು ಕೊನೆಯ ದಿನ. ಗೋಲಿ, ಬಳೆ, ಹಲಗೆ ನಾನು ತರುತ್ತೇನೆ. ಶಹಾಪುರದ ಅಣ್ಣನವರೇ, ನಿಮ್ಮ ಸೀರೀಸ್ ಬೋರ್ಡಿನ ಒಂದು ವಿಡಿಯೋ ಮಾಡಿ ಕಳಿಸುತ್ತೀರಾ? ಮಕ್ಕಳಿಗೆ 230 ವೋಲ್ಟ್ ಕೈಗೆ ಕೊಡಲು ನನಗೆ ಧೈರ್ಯ ಇಲ್ಲ, ಅವರಿಗೆ ಸೆಲ್ಲು, ಟಾರ್ಚ್ ಬಲ್ಬು ಸಾಕು.

ವೈಂಡಿಂಗ್ ಅಂಗಡಿ, ಶಹಾಪುರ

ಮಾಡಿ ಕಳಿಸುತ್ತೇನೆ ಮೇಡಂ. ಫ್ಯಾನಿನದ್ದೂ ಮಾಡುತ್ತೇನೆ.

ಸೆಕೆಂಡ್ ಪಿಯು, ಹುಮನಾಬಾದ್

ತಡವಾಗಿ ಬಂದೆ. ಆಪ್ಟಿಕ್ಸ್ (ಬೆಳಕಿನ ಪಾಠ) ಯಾರೂ ಹೇಳಲೇ ಇಲ್ಲ. ನನಗೆ ಸೈನ್ ಕನ್ವೆನ್ಷನ್ (ಪ್ಲಸ್, ಮೈನಸ್ ಹಾಕುವ ನಿಯಮ) ಬಿಟ್ಟರೆ ಬೇರೇನೂ ಕಷ್ಟ ಇಲ್ಲ, ರೇ ಡಯಾಗ್ರಾಂ (ಬೆಳಕಿನ ಗೆರೆಗಳ ಚಿತ್ರ) ಎಲ್ಲ ಬರುತ್ತದೆ. ಆಪ್ಟಿಕ್ಸ್ ಸುಲಭದ ಪಾಠ ಅಂತ ಲೆಕ್ಕವಾ?

ಬೀದರ್ ಬಿಎಸ್ಸಿ

ಸೈನ್‌ಗೆ ಒಂದೇ ಮಾತು, ಬೆಳಕು ಹೋಗುವ ದಿಕ್ಕು ಪ್ಲಸ್, ಅಳತೆ ಯಾವಾಗಲೂ ಲೆನ್ಸಿನಿಂದ ಅಥವಾ ಕನ್ನಡಿಯಿಂದ ಶುರು.

ಸುಲಭವೋ ಅಲ್ಲವೋ ನೀನೇ ಹೇಳು. ಪೀನ ಮಸೂರದಿಂದ ಗೋಡೆ ಮೇಲೆ ಕಿಟಕಿಯ ಚಿತ್ರ ಬೀಳಿಸಿದ್ದೀಯ. ಈಗ ಮಸೂರದ ಮೇಲಿನ ಅರ್ಧಕ್ಕೆ ಕಪ್ಪು ಕಾಗದ ಅಂಟಿಸಿದರೆ ಗೋಡೆ ಮೇಲಿನ ಚಿತ್ರ ಏನಾಗುತ್ತದೆ?

ಸೆಕೆಂಡ್ ಪಿಯು, ಹುಮನಾಬಾದ್

ಅರ್ಧ ಹೋಗುತ್ತದೆ. ತಲೆಕೆಳಗಾಗಿರುತ್ತಲ್ಲ, ಹಾಗಾಗಿ ಕೆಳಗಿನ ಅರ್ಧ ಹೋಗಬೇಕು.

ಬೀದರ್ ಬಿಎಸ್ಸಿ

ಅಜ್ಜನ ಓದುವ ಕನ್ನಡಕ ಸಾಕು, ಹಗಲು ಹೊತ್ತಿನಲ್ಲಿ ಕಿಟಕಿಯ ಎದುರು ಗೋಡೆಗೆ ಹಿಡಿದು ಮಾಡು. ಚಿತ್ರ ಪೂರ್ತಿಯೇ ಇರುತ್ತದೆ, ಬೆಳಕು ಕಡಿಮೆಯಾಗುತ್ತದೆ ಅಷ್ಟೇ. ಕಿಟಕಿಯ ಪ್ರತಿ ಚುಕ್ಕೆಯಿಂದ ಹೊರಟ ಬೆಳಕು ಮಸೂರದ ಎಲ್ಲ ಭಾಗಕ್ಕೂ ಬೀಳುತ್ತದೆ. ಅರ್ಧ ಮುಚ್ಚಿದರೂ ಪ್ರತಿ ಚುಕ್ಕೆಗೂ ಉಳಿದ ಅರ್ಧದಿಂದ ದಾರಿ ಇದೆ. ನಾವು ರೇ ಡಯಾಗ್ರಾಂನಲ್ಲಿ ತುದಿಯಿಂದ ಎರಡೇ ಗೆರೆ ಎಳೆಯುತ್ತೇವೆ, ಆಮೇಲೆ ಬೆಳಕಲ್ಲೂ ಎರಡೇ ಗೆರೆ ಇದೆ ಅಂದುಕೊಂಡುಬಿಡುತ್ತೇವೆ. ಒಂದೇ ಚುಕ್ಕೆಯಿಂದ ಐದಾರು ಗೆರೆ ಎಳೆದು, ಮೇಲಿನ ಅರ್ಧದವನ್ನು ಅಳಿಸಿ ನೋಡು, ಉಳಿದವು ಎಲ್ಲಿ ಸೇರುತ್ತವೆ ಅಂತ.